ಬೆಕ್ಕುಪರಚು ದ್ರಾಕ್ಷಿ

ಆಗಸ್ಟಿನ ಆ ಸಂಜೆ ಬಸ್ತಿಯಾನೊ ಇನ್ನೊಂದು ಮೀನು ಬಾಯಿಗೆ ಹಾಕಿಕೊಂಡು ಸುಮ್ಮನಿದ್ದಿದ್ದರೆ ಮುಂದಿನ ರಗಳೆ ಯಾವುದೂ ಆಗುತ್ತಿರಲಿಲ್ಲ.

ಲಿಗೂರಿಯಾದ ಕಡಲಂಚಿನ ಪೋರ್ತಲ್ಬಾದಲ್ಲಿ, ಹಲ್ಲಿಯ ಹಾಗೆ ಗುಡ್ಡಕ್ಕೆ ಅಂಟಿಕೊಂಡ ಏಳು ಹಂತದ ದ್ರಾಕ್ಷಿತೋಟ ಅವನದು. ಬೆಳೆದದ್ದರಲ್ಲಿ ಹೆಚ್ಚಿನದನ್ನು ಸಹಕಾರ ಸಂಘಕ್ಕೆ ಹಾಕುತ್ತಿದ್ದ. ಅಲ್ಲಿ ಇಡೀ ಊರಿನ ದ್ರಾಕ್ಷಿ ಒಂದೇ ತೊಟ್ಟಿಗೆ ಬಿದ್ದು, ಒಳ್ಳೆಯ ಹೆಸರಿನ ಬಿಳಿ ವೈನ್ ಆಗಿ ಜೆನೋವಾ, ಮಿಲಾನೊ ಕಡೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಎಲ್ಲರ ಹಾಗೆ ಅವನೂ ಮನೆಯಲ್ಲಿ ಎರಡು ಪೀಪಾಯಿ ವೈನ್ ಮಾಡುತ್ತಿದ್ದ. ಆ ವೈನ್ ಹೇಗಿರುತ್ತಿತ್ತು ಎನ್ನುವುದನ್ನು ಊರವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬರೀ ಕಣ್ಣು ಮುಚ್ಚುತ್ತಿದ್ದರು.

ಆ ಸಂಜೆ ಫಾವುಸ್ತೊನ ಬಾರಿನಲ್ಲಿ ಊರ ವೈನ್ ಮುಗಿದುಹೋಗಿ, ಬಸ್ತಿಯಾನೊ ಹಬ್ಬಕ್ಕೆಂದು ಕೊಟ್ಟಿದ್ದ ಒಂದು ಬಾಟಲಿ ಮಾತ್ರ ಉಳಿದಿತ್ತು. ಪ್ರವಾಸಕ್ಕೆ ಬಂದ ಜರ್ಮನ್ ಹೆಂಗಸೊಬ್ಬಳು ಅದನ್ನೇ ಕೇಳಿದಳು. ಒಂದು ಗುಟುಕು ಕುಡಿದು, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಫಾವುಸ್ತೊ ಓಡಿಬಂದು ಸಮಾಧಾನ ಹೇಳಿದ. ಹೆದರುವಂಥದ್ದೇನಿಲ್ಲ, ವೈನ್ ಕೆಟ್ಟಿಲ್ಲ, ಅದನ್ನು ಮಾಡಿದವನು ಬಸ್ತಿಯಾನೊ ಅಷ್ಟೇ, ನೋಡಿ ಅಲ್ಲೇ ಕೂತಿದ್ದಾನೆ ಎಂದ. ಬಾರಿಗೆ ಬಾರೇ ನಕ್ಕಿತು.

ಮೂಲೆಯಲ್ಲಿ ಮೀನು ತಿನ್ನುತ್ತಿದ್ದ ಬಸ್ತಿಯಾನೊನ ಕಿವಿ ಕೆಂಪಗಾಯಿತು. ಎದ್ದು ನಿಂತ. ಇದು ಎಲ್ಲ ಕಡೆ ಸಿಗುವ ವರ್ಮೆಂಟಿನೊ ದ್ರಾಕ್ಷಿಯ ವೈನ್ ಅಲ್ಲ, ತನ್ನ ಮುತ್ತಾತ ಕೋರ್ಸಿಕಾದಿಂದ ದೋಣಿಯಲ್ಲಿ ತಂದ ಬಳ್ಳಿಯದು, ಆ ತಳಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅದನ್ನು ಕುಡಿಯಲು ನಾಲಿಗೆಗೆ ಸಂಸ್ಕಾರ ಬೇಕು ಎಂದುಬಿಟ್ಟ. ಹೆಂಗಸು ಟಿಪ್ಪಣಿ ಪುಸ್ತಕ ತೆಗೆದು ತಳಿಯ ಹೆಸರು ಕೇಳಿದಳು. ಹೆಸರು ಇದ್ದರೆ ತಾನೆ? ಅಷ್ಟರಲ್ಲಿ ಮೇಜಿನ ಕೆಳಗೆ ಬಿದ್ದ ಮೀನಿಗಾಗಿ ಬಂದ ಬಾರಿನ ಬೆಕ್ಕು ಅವನ ಕಾಲಿಗೆ ಉಗುರು ಹಾಕಿತು.

"ಬೆಕ್ಕುಪರಚು," ಎಂದ ಬಸ್ತಿಯಾನೊ.

ಆಕೆ ಅದನ್ನು ಬರೆದುಕೊಂಡು ಹೋದಳು. ಅವನು ಮರೆತೂ ಬಿಟ್ಟ.

ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ, ಕೊಯ್ಲಿಗೆ ಇನ್ನು ನಾಲ್ಕೇ ದಿನ ಇದ್ದಾಗ, ಬಸ್ತಿಯಾನೊ ಕಾಫಿಗೆಂದು ಬಾರಿಗೆ ಹೋದ. ಫಾವುಸ್ತೊ ಕಾಫಿಯ ಜೊತೆಗೆ ಒಂದು ಕಾಗದವನ್ನೂ ಇಟ್ಟ. ವಿಳಾಸದ ಜಾಗದಲ್ಲಿ 'ಅಪರೂಪದ ದ್ರಾಕ್ಷಿ ಬೆಳೆಯುವ ಮಹನೀಯರಿಗೆ, ಪೋರ್ತಲ್ಬಾ' ಎಂದಷ್ಟೇ ಇತ್ತು. ಲಕೋಟೆ ಆಗಲೇ ಒಡೆದಿತ್ತು.

ಬರೆದವರು ತೋರಿನೊ ಊರಿನ ಪ್ರೊಫೆಸರ್ ಗಾಲಿಂಬೆರ್ತಿ. ಎಲೆ ನೋಡಿ ದ್ರಾಕ್ಷಿಯ ತಳಿ ಹೇಳುವುದೇ ಆಕೆಯ ನಲವತ್ತು ವರ್ಷದ ಕೆಲಸ. ಜರ್ಮನ್ ಹೆಂಗಸು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದಿ ಆಕೆಗೆ ನಿದ್ದೆ ಬಂದಿಲ್ಲವಂತೆ. ತಮ್ಮ ಅನುಮತಿ ಇದ್ದರೆ ಬಂದು ನೋಡುತ್ತೇನೆ ಎಂದು ಬರೆದಿದ್ದರು.

"ಅನುಮತಿ ಕೊಟ್ಟಾಯ್ತು," ಎಂದ ಫಾವುಸ್ತೊ. "ಹತ್ತು ದಿನದ ಹಿಂದೇನೇ ಉತ್ತರ ಬರೆದೆ. ನಿನ್ನ ಸಹೀನೂ ನಾನೇ ಹಾಕ್ದೆ. ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರ್ಲಿಲ್ಲ ಕಣೋ."

"ಯಾವಾಗ ಬರ್ತಾರೆ?"

"ಇವತ್ತು. ಹನ್ನೊಂದು ಗಂಟೆ ರೈಲಿಗೆ."

ಬಸ್ತಿಯಾನೊಗೆ ಆಶ್ಚರ್ಯವಂತೂ ಆಯಿತು. ಕಾಫಿ ಕುಡಿಯದೆ ಎದ್ದು ಮನೆಗೆ ಓಡಿದ.

ಅವನ ಹೆಂಡತಿ ಜೆಮ್ಮಾ ಸಹಕಾರ ಸಂಘದ ಗೇಟಿನಲ್ಲಿ ಕೂರುವವಳು. ಕೊಯ್ಲಿನ ಕಾಲದಲ್ಲಿ ಯಾರ ಬುಟ್ಟಿ ಬಂದರೂ ದ್ರಾಕ್ಷಿ ಯಾವ ತಳಿ ಎಂದು ಚೀಟಿ ಬರೆದು ಒಳಗೆ ಬಿಡುವುದು ಅವಳ ಕೆಲಸ. ಚೀಟಿಯಲ್ಲಿ ಬರೆಯಬಹುದಾದ ಹೆಸರು ಮೂರೇ: ಬೋಸ್ಕೊ, ಅಲ್ಬರೋಲಾ, ವರ್ಮೆಂಟಿನೊ. ನಾಲ್ಕನೆಯ ತಳಿಯ ಒಂದು ಗೊಂಚಲು ತೊಟ್ಟಿಗೆ ಬಿದ್ದರೂ ಆ ವೈನಿಗೆ ಊರ ಹೆಸರು ಹಾಕುವ ಹಾಗಿಲ್ಲ. ಗಂಡ ಹೇಳಿದ್ದನ್ನೆಲ್ಲ ಅವಳು ಈರುಳ್ಳಿ ಹೆಚ್ಚುತ್ತಲೇ ಕೇಳಿದಳು.

"ಅದು ಬೆಕ್ಕುಪರಚೇ ಆದ್ರೆ ಸೋಮವಾರ ನಿನ್ನ ಒಂದು ಬುಟ್ಟೀನೂ ನನ್ನ ಗೇಟು ದಾಟಲ್ಲ," ಎಂದಳು. "ವರ್ಮೆಂಟಿನೊ ಆದ್ರೆ ನೀನು ಸುಳ್ಳ ಅಂತ ತೋರಿನೊವರೆಗೂ ಗೊತ್ತಾಗತ್ತೆ. ಯಾವುದು ಬೇಕು ನೋಡ್ಕೊ."

"ನೀನು ಹೆಂಡತಿ ಕಣೆ. ಚೀಟಿಯಲ್ಲಿ ಸ್ವಲ್ಪ..."

"ಗೇಟಿನ ಹತ್ರ ನಾನು ಯಾರ ಹೆಂಡತೀನೂ ಅಲ್ಲ," ಎಂದು ಜೆಮ್ಮಾ ಇನ್ನೊಂದು ಈರುಳ್ಳಿ ತೆಗೆದುಕೊಂಡಳು.

ಬಸ್ತಿಯಾನೊ ಯೋಚಿಸಿದ. ಸುಳ್ಳ ಎನ್ನಿಸಿಕೊಳ್ಳುವುದು ಒಂದು ದಿನದ ಮಾತು, ಕೊಯ್ಲು ಒಂದು ವರ್ಷದ್ದು. ಪ್ರೊಫೆಸರ್ ರೈಲಿಳಿದ ಕೂಡಲೇ ಪಕ್ಕಕ್ಕೆ ಕರೆದು ನಿಜ ಹೇಳುವುದು, ಕ್ಷಮೆ ಕೇಳಿ ಒಂದು ಕಾಫಿ ಕುಡಿಸುವುದು, ಹನ್ನೊಂದೂ ನಲವತ್ತರ ರೈಲಿಗೆ ವಾಪಸು ಹತ್ತಿಸುವುದು ಎಂದು ತೀರ್ಮಾನಿಸಿದ. ಗಡ್ಡ ಮಾಡಿಕೊಂಡು, ಮದುವೆ, ಶವಸಂಸ್ಕಾರ ಎರಡಕ್ಕೂ ಹಾಕುವ ಕರಿ ಪ್ಯಾಂಟು ತೊಟ್ಟು ಹೊರಟ.

ನಿಲ್ದಾಣದಲ್ಲಿ ಊರಿಗೆ ಊರೇ ಇತ್ತು. ಫಾವುಸ್ತೊ ಹಾಸಿಗೆಯ ಮೇಲುಹಾಸಿನ ಮೇಲೆ 'ಬೆಕ್ಕುಪರಚಿನ ನಾಡಿಗೆ ಸ್ವಾಗತ' ಎಂದು ಬರೆದು ಎರಡು ಕಂಬಗಳ ನಡುವೆ ಕಟ್ಟಿದ್ದ. ಬಸ್ತಿಯಾನೊನ ಪಕ್ಕದ ತೋಟದ ಎರ್ಸಿಲಿಯಾ ಚಿಕ್ಕಮ್ಮ ಬಂದಿದ್ದಳು. ಎಪ್ಪತ್ತೆಂಟರ ವಿಧವೆ, ಊರಿನಲ್ಲಿ ಎಲ್ಲರಿಗೂ ಚಿಕ್ಕಮ್ಮ. ಚರ್ಚಿನ ಪಾದ್ರಿ ದೋನ್ ಚೆಲ್ಸೊ ಕಂಕುಳಲ್ಲಿ ಹಳೆಯ ದಫ್ತರ ಹಿಡಿದು ಮೊದಲ ಸಾಲಿನಲ್ಲಿದ್ದರು. ಇವರಲ್ಲಿ ಯಾರೂ ಬಸ್ತಿಯಾನೊನ ಮಾತನ್ನು ನಂಬಿದವರಲ್ಲ. ಆದರೆ ಪಕ್ಕದ ಊರಿಗೆ ಎಂದೂ ಒಬ್ಬ ಪ್ರೊಫೆಸರ್ ಬಂದಿರಲಿಲ್ಲ, ಅದು ಮುಖ್ಯ.

ರೈಲಿನಿಂದ ಇಳಿದವರು ಒಬ್ಬ ಪುಟ್ಟ ಮುದುಕಿ. ಕಾಲಿಗೆ ಬೆಟ್ಟ ಹತ್ತುವ ಬೂಟು, ಕೊರಳಿಗೆ ಭೂತಗನ್ನಡಿ. ಬಸ್ತಿಯಾನೊ ಮುಂದೆ ನುಗ್ಗಿ, ಒಂದು ನಿಮಿಷ ಪಕ್ಕಕ್ಕೆ ಬರಬೇಕು ಎಂದು ಕೇಳಿಕೊಳ್ಳುವಷ್ಟರಲ್ಲಿ ದೋನ್ ಚೆಲ್ಸೊ ದಫ್ತರ ಬಿಚ್ಚಿದರು. ಬಸ್ತಿಯಾನೊನ ಮುತ್ತಾತ ಸಮುದ್ರದಿಂದ ಬಂದನೆಂಬುದಕ್ಕೆ ಲಿಖಿತ ಸಾಕ್ಷಿ ಇದೆ ಎಂದು ಲ್ಯಾಟಿನ್ನಿನಲ್ಲೇ ಓದಿದರು. ಆತ ದೋಣಿ ಮಗುಚಿ ಈಜಿಕೊಂಡು ಬಂದದ್ದು, ಕೈಯಲ್ಲಿ ಬಳ್ಳಿಯಿರಲಿ ಚಪ್ಪಲಿಯೂ ಇರಲಿಲ್ಲ ಎಂದು ಮುಂದಿನ ಸಾಲಿನಲ್ಲಿತ್ತು. ಆ ಸಾಲನ್ನು ಅವರು ಓದಲಿಲ್ಲ. ಎರ್ಸಿಲಿಯಾ ಚಿಕ್ಕಮ್ಮ ಬಿಟ್ಟಾಳೆಯೇ? ಆ ದೋಣಿಗೆ ಹುಟ್ಟು ಹಾಕಿದವನು ತನ್ನ ತಾತ ಎಂದಳು. ಬಳ್ಳಿ ಒಣಗದಿರಲೆಂದು ತನ್ನ ಪಾಲಿನ ಕುಡಿಯುವ ನೀರನ್ನೆಲ್ಲ ಅದಕ್ಕೇ ಹೊಯ್ದನಂತೆ. ಹೇಳುತ್ತ ಹೇಳುತ್ತ ಅವಳಿಗೆ ನಿಜವಾಗಿಯೇ ಅಳು ಬಂತು. ಪ್ರೊಫೆಸರ್ ಎಲ್ಲವನ್ನೂ ಬರೆದುಕೊಂಡರು.

ಹನ್ನೊಂದೂ ನಲವತ್ತರ ರೈಲು ಬಂತು, ಹೋಯಿತು.

ತೋಟಕ್ಕೆ ಹೋಗಲು ನಾನೂರು ಮೆಟ್ಟಿಲು ಹತ್ತಬೇಕು. ಇಲ್ಲವೇ ಒಂಟಿ ಕಂಬಿಯ ಮೇಲೆ ಹಲ್ಲುಚಕ್ರದಲ್ಲಿ ತೆವಳುವ ಬಂಡಿ ಇದೆ. ದ್ರಾಕ್ಷಿ ಬುಟ್ಟಿ ಇಳಿಸಲು ಮಾಡಿದ್ದು, ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಬಸ್ತಿಯಾನೊಗೆ ಜೀವ ಬಂದ ಹಾಗಾಯಿತು. ಪ್ರೊಫೆಸರನ್ನು ಬುಟ್ಟಿ ಇಡುವ ಜಾಗದಲ್ಲಿ ಕೂರಿಸಿ, ತಾನು ಮುಂದೆ ಕೂತು ಎಂಜಿನ್ ಶುರು ಮಾಡಿದ. ಉಳಿದವರು ಊಟದ ಬುಟ್ಟಿ ಹೊತ್ತು ಮೆಟ್ಟಿಲ ಕಡೆ ನಡೆದರು.

ಆ ಎಂಜಿನ್ನಿನ ಗಾತ್ರ ಒಂದು ಕುಂಬಳಕಾಯಿಯಷ್ಟು. ಸದ್ದು ಮಾತ್ರ ಸರಕು ರೈಲಿನಷ್ಟು. ಊರ ಸೂರುಗಳು ಕೆಳಗಾದ ಮೇಲೆ ಬಸ್ತಿಯಾನೊ ಹಿಂದಕ್ಕೆ ತಿರುಗಿ ಕೂಗಿ ಹೇಳಿದ, ತಾನು ಹೇಳಿದ್ದೆಲ್ಲ ಸುಳ್ಳು ಅಂತ.

"ಮುಳ್ಳಾ?" ಎಂದು ಕೂಗಿದರು ಪ್ರೊಫೆಸರ್.

"ಸುಳ್ಳು! ಎಲ್ಲಾ ಸುಳ್ಳು!"

"ಬಳ್ಳೀಲೆಲ್ಲಾ ಮುಳ್ಳಾ?"

ಮುದುಕಿಯ ಮುಖ ಅರಳಿತು. ಸಾರ್ದೀನಿಯಾದಿಂದ ವೆಸೂವಿಯೊ ಗುಡ್ಡದ ಬುಡದವರೆಗೆ ಕಡಲಂಚಿನ ಒಂದು ತೋಟವನ್ನೂ ಬಿಡದೆ ತಿರುಗಿದವರು ಅವರು. ಮುಳ್ಳಿರುವ ದ್ರಾಕ್ಷಿ ಎಲ್ಲೂ ಸಿಕ್ಕಿರಲಿಲ್ಲ. ಟಿಪ್ಪಣಿಯಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದರು.

ಅಷ್ಟರಲ್ಲಿ ಬಂಡಿ ಒಮ್ಮೆ ಬಿಕ್ಕಳಿಸಿ ನಿಂತಿತು. ಬಲಕ್ಕೆ ಗೋಡೆ, ಎಡಕ್ಕೆ ನೇರ ಕೆಳಗೆ ಸಮುದ್ರ. ಮೇಲೆ ಒಂದು ಕಡಲಕಾಗೆ. ಸದ್ದೇ ಇಲ್ಲ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ಬಸ್ತಿಯಾನೊ ಟೋಪಿ ತೆಗೆದು ನಿಧಾನವಾಗಿ, ಒಂದೂ ಬಿಡದೆ ಎಲ್ಲ ಹೇಳಿದ. ಅವಮಾನ ಆದದ್ದು, ಬಾಯಿಗೆ ಬಂದ ಹೆಸರು ಹೇಳಿದ್ದು, ಫಾವುಸ್ತೊ ಸಹಿ ಹಾಕಿದ್ದು, ಎಲ್ಲ. ತನ್ನದು ಬರೀ ವರ್ಮೆಂಟಿನೊ, ಮುತ್ತಾತನೂ ಬರೀ ಮುತ್ತಾತ ಎಂದ.

ಪ್ರೊಫೆಸರ್ ಅವನ ಮಂಡಿಯ ಮೇಲೆ ಕೈಯಿಟ್ಟರು.

"ನೋಡಪ್ಪಾ, ನಲವತ್ತು ವರ್ಷದಿಂದ ನೋಡ್ತಿದ್ದೀನಿ," ಎಂದರು. "ನಿಜವಾಗ್ಲೂ ಅಪರೂಪದ ಬಳ್ಳಿ ಇರೋನು ಕೊನೇ ಗಳಿಗೇಲಿ ಇಲ್ಲ ಅಂದೇ ಅಂತಾನೆ. ಒಬ್ಬ ನನ್ನ ಮೇಲೆ ಹೆಬ್ಬಾತು ಬಿಟ್ಟಿದ್ದ. ನೀನು ಎಷ್ಟು ಇಲ್ಲ ಅಂತೀಯೋ ನನಗೆ ಅಷ್ಟು ನಂಬಿಕೆ ಬರ್ತಿದೆ."

ಬಂಡಿ ತಳ್ಳೋಣವೆಂದು ಬಸ್ತಿಯಾನೊ ಕೆಳಗಿಳಿದ. ಕಾಲಿಟ್ಟ ಕಲ್ಲು ಜಾರಿತು. ಅವನು ಗೋಡೆಯ ಬದಿಯ ಮುಳ್ಳುಪೊದೆಯೊಳಗೆ ಕೂತ ಭಂಗಿಯಲ್ಲೇ ಇಳಿದುಹೋಗಿ ಕೆಳಗಿನ ಹಂತದಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದ ಎರ್ಸಿಲಿಯಾ ಚಿಕ್ಕಮ್ಮನ ಎದುರಿಗೆ ನಿಂತ. ಕರಿ ಪ್ಯಾಂಟಿನ ಹಿಂಭಾಗ ಪೊದೆಯಲ್ಲೇ ಉಳಿದಿತ್ತು. ಚಿಕ್ಕಮ್ಮ ಮೊದಲು ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ತನ್ನ ಏಪ್ರನ್ ಬಿಚ್ಚಿ ಅವನಿಗೆ ಹಿಂದುಮುಂದಾಗಿ ಕಟ್ಟಿದಳು. ಅದರ ತುಂಬ ಹಳದಿ ನಿಂಬೆಹಣ್ಣಿನ ಚಿತ್ರ. ಮೇಲಿನಿಂದ ಪ್ರೊಫೆಸರ್ ಬಗ್ಗಿ ನೋಡಿ, ಮುಳ್ಳು ಜೋರಾಗಿಯೇ ಇದೆ ಎಂದು ಬರೆದುಕೊಂಡರು.

ಎಲ್ಲರೂ ಸೇರಿ ತಳ್ಳಿ, ಬಂಡಿ ತೋಟ ಮುಟ್ಟುವಾಗ ಊಟದ ಹೊತ್ತು. ಬಳ್ಳಿ ನೋಡುವ ಮೊದಲು ಉಣ್ಣಲೇಬೇಕೆಂದು ಚಿಕ್ಕಮ್ಮ ಹಟ ಹಿಡಿದಳು. ಅವಳ ತೋಟ, ಬಸ್ತಿಯಾನೊನ ತೋಟ ಎರಡರ ನಡುವಿನ ಮೋಟು ಗೋಡೆಯೇ ಮೇಜಾಯಿತು. ಎಣ್ಣೆ ಜಿನುಗುವ ಫೊಕಾಚಾ ರೊಟ್ಟಿ, ನಿಂಬೆರಸದಲ್ಲಿ ನೆನೆಸಿದ ಸಣ್ಣ ಮೀನು, ಹೂರಣ ತುಂಬಿದ ಬದನೆಕಾಯಿ. ಜೊತೆಗೆ ಅವಳೇ ಮನೆಯಲ್ಲಿ ಮಾಡಿದ ಬಿಳಿ ವೈನ್. ಪ್ರೊಫೆಸರ್ ಒಂದು ಲೋಟ ಕುಡಿದು ಸಮುದ್ರದ ಕಡೆ ನೋಡಿದರು. ಎರಡನೆಯದನ್ನು ತಾವೇ ಬಗ್ಗಿಸಿಕೊಂಡರು. ನಾಲಿಗೆ ತುದಿಗೆ ಉಪ್ಪಿನ ಗಾಳಿ, ನುಂಗಿದ ಮೇಲೆ ಕಹಿ ಬಾದಾಮಿ, ಇಂಥದ್ದನ್ನು ಈ ಕರಾವಳಿಯಲ್ಲೇ ಕುಡಿದಿಲ್ಲ ಎಂದರು. ಚಿಕ್ಕಮ್ಮ ಬಸ್ತಿಯಾನೊನ ಕಡೆ ನೋಡಿದ ನೋಟವನ್ನು ಅವನು ಗಮನಿಸದವನ ಹಾಗೆ ಬದನೆಕಾಯಿ ಬಾಯಿಗೆ ಹಾಕಿಕೊಂಡ.

ಆಗ ಫಾವುಸ್ತೊ ಪಕ್ಕಕ್ಕೆ ಬಂದು ಅವನ ಕಿವಿಯಲ್ಲಿ ಹೇಳಿದ, ಭಯಪಡಬೇಡ, ನಾನೆಲ್ಲ ನೋಡಿಕೊಂಡಿದ್ದೇನೆ ಎಂದು.

ಫಾವುಸ್ತೊ ಹಾಗೆಂದಾಗಲೇ ನಿಜವಾಗಿ ಭಯಪಡಬೇಕಾದದ್ದು. ಏನು ನೋಡಿಕೊಂಡೆ ಎಂದು ಬಸ್ತಿಯಾನೊ ಕೇಳುವುದರೊಳಗೆ ಪ್ರೊಫೆಸರ್ ಮೊದಲ ಸಾಲಿನ ಹತ್ತಿರ ಹೋಗಿ, "ಅಯ್ಯೋ ದೇವರೇ" ಎಂದರು.

ಬಿಳಿ ದ್ರಾಕ್ಷಿಯ ಬಳ್ಳಿಯಲ್ಲಿ ಬಿಳಿ ಗೊಂಚಲುಗಳ ನಡುವೆ, ಕೋಳಿಮೊಟ್ಟೆಯ ಅರ್ಧದಷ್ಟು ದಪ್ಪ ಹಣ್ಣಿನ ಕಪ್ಪು ಗೊಂಚಲುಗಳು ತೂಗುತ್ತಿದ್ದವು. ಒಂದಲ್ಲ, ಹನ್ನೆರಡು. ಊರವರೆಲ್ಲ ಗುಂಪಾಗಿ ನಿಂತರು. ದೋನ್ ಚೆಲ್ಸೊ ಟೋಪಿ ತೆಗೆದರು. ಪ್ರೊಫೆಸರ್ ಭೂತಗನ್ನಡಿ ಹಿಡಿದು ಒಂದು ಗೊಂಚಲಿನ ತೊಟ್ಟಿನ ಹತ್ತಿರ ಬಹಳ ಹೊತ್ತು ಬಗ್ಗಿದ್ದರು. ಆಮೇಲೆ ಗಟ್ಟಿಯಾಗಿ ಓದಿದರು:

"ಪುಲಿಯಾ. ಬೀಜರಹಿತ. ತಣ್ಣಗಿನ ಜಾಗದಲ್ಲಿಡಿ."

ಫಾವುಸ್ತೊ ಬೆಳಗಿನ ಜಾವವೇ ಎದ್ದು, ದಕ್ಷಿಣದ ಪುಲಿಯಾದಿಂದ ಬಂದ ಅಂಗಡಿಯ ದ್ರಾಕ್ಷಿಯನ್ನು ಗಾಳದ ದಾರದಲ್ಲಿ ಕಟ್ಟಿದ್ದ. ಚೀಟಿ ಕೀಳುವುದು ಮರೆತಿದ್ದ. ಪ್ರೊಫೆಸರ್ ದಾರದ ಗಂಟನ್ನು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಮೀನುಗಾರರ ಗಂಟು ಅದು. ಅಲ್ಲಿದ್ದವರಲ್ಲಿ ಹಿಂದೆ ಮೀನುದೋಣಿಯಲ್ಲಿ ದುಡಿದವನು ಬಾರಿನ ಯಜಮಾನ ಒಬ್ಬನೇ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಊರಿನ ಮರ್ಯಾದೆಗೋಸ್ಕರ ಮಾಡಿದೆ, ಬರಿಗೈಯಲ್ಲಿ ಕಳಿಸಬಾರದಲ್ಲ ಎಂದು ಫಾವುಸ್ತೊ ಗೊಣಗಿದ.

ಬಸ್ತಿಯಾನೊಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಕೊನೆಗೂ ನಿಜ ಹೊರಬಿದ್ದಿತ್ತು. ನಿಂಬೆಹಣ್ಣಿನ ಏಪ್ರನ್ ಸರಿಮಾಡಿಕೊಂಡು ಮುಂದೆ ಬಂದ. "ಈಗ್ಲಾದ್ರೂ ನಂಬ್ತೀರಾ ಪ್ರೊಫೆಸರಮ್ಮಾ? ಇದು ವರ್ಮೆಂಟಿನೊ. ನನ್ನ ವೈನು ಹುಳಿ. ನಾನು ಸುಳ್ಳ. ಸಂಜೆ ಐದೂ ಮುಕ್ಕಾಲಿಗೆ ರೈಲಿದೆ."

ಪ್ರೊಫೆಸರ್ ಆಗಲೇ ಕಪ್ಪು ಗೊಂಚಲು ಕಿತ್ತು ಬಿಸಾಡಿ, ಅದರ ಹಿಂದಿದ್ದ ಎಲೆಯನ್ನು ನೋಡುತ್ತಿದ್ದರು. ಎಲೆಯ ಬೆನ್ನನ್ನು ಕೆನ್ನೆಗೆ ಉಜ್ಜಿದರು. ತೊಟ್ಟು ಮುರಿದು ಮೂಸಿದರು. ಒಂದು ಬಿಳಿ ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಅಂಗೈಗೆ ಉಗುಳಿ ಎಣಿಸಿದರು. ಎರಡನೆಯ ಸಾಲಿಗೆ ಹೋದರು, ಮೂರನೆಯದಕ್ಕೆ ಹೋದರು. ಟಿಪ್ಪಣಿ ಪುಸ್ತಕ ಮುಚ್ಚಿ ತಿರುಗಿ ಬಂದರು.

"ಇದು ವರ್ಮೆಂಟಿನೊ ಅಲ್ಲ," ಎಂದರು. "ಬೋಸ್ಕೊ ಅಲ್ಲ. ಅಲ್ಬರೋಲಾನೂ ಅಲ್ಲ. ನಾನು ಇದನ್ನ ಎಲ್ಲೂ ನೋಡಿಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಊರವರು ಚಪ್ಪಾಳೆ ತಟ್ಟಿದರು. ಎರ್ಸಿಲಿಯಾ ಚಿಕ್ಕಮ್ಮ ಹುಟ್ಟು ಹಾಕಿದ ತಾತನನ್ನು ನೆನೆದು ಎರಡನೆಯ ಸಲ ಅತ್ತಳು. ಬಸ್ತಿಯಾನೊಗೆ ಮಾತ್ರ ಸೋಮವಾರದ ನೆನಪಿಗಿಂತ ಮೊದಲು ಬೇರೊಂದು ಯೋಚನೆ ಬಂತು, ಆ ಯೋಚನೆಗೆ ಅವನ ಕಣ್ಣು ತುಂಬಿತು. ಇಪ್ಪತ್ತೆಂಟು ವರ್ಷ. ಇಪ್ಪತ್ತೆಂಟು ವರ್ಷ ಅವನು ಪೀಪಾಯಿ ಬದಲಿಸಿದ್ದ, ಚಂದ್ರನನ್ನು ನೋಡಿ ವೈನ್ ಬಸಿದಿದ್ದ, ಪಾದ್ರಿಗಳಿಂದ ನೆಲಮಾಳಿಗೆಗೆ ತೀರ್ಥ ಹಾಕಿಸಿದ್ದ. ಎಲ್ಲರ ನಗೆಯನ್ನೂ ನುಂಗಿಕೊಂಡಿದ್ದ. ಈಗ ಗೊತ್ತಾಯಿತು.

"ಹಾಗಾದ್ರೆ ಅದಕ್ಕೇ ನನ್ನ ವೈನು ಹಾಗಾಗೋದು," ಎಂದ ಊರವರ ಕಡೆ ತಿರುಗಿ. "ಕೇಳಿಸ್ಕೊಂಡ್ರಾ? ಕೈಯ ದೋಷ ಅಲ್ಲ. ದ್ರಾಕ್ಷಿಯೇ ಬೇರೆ."

ಹಾಗೆಂದು ಊಟದ ಬುಟ್ಟಿಯಲ್ಲಿ ಯಾರೂ ಮುಟ್ಟದೆ ಉಳಿದಿದ್ದ ತನ್ನ ಬಾಟಲಿ ತೆಗೆದು ಪ್ರೊಫೆಸರಿಗೆ ಒಂದು ಲೋಟ ಕೊಟ್ಟ. ಅವರು ಕುಡಿದರು. ಸ್ವಲ್ಪ ಹೊತ್ತು ಮೋಟು ಗೋಡೆಯನ್ನು ಹಿಡಿದು ನಿಂತರು. ಕಣ್ಣು ಒರೆಸಿಕೊಂಡು ತೆರೆದಾಗ ನೋಟ ಗೋಡೆಯಾಚೆ, ಎರ್ಸಿಲಿಯಾ ಚಿಕ್ಕಮ್ಮನ ಬಳ್ಳಿಗಳ ಮೇಲೆ ಬಿತ್ತು. ಭೂತಗನ್ನಡಿ ಎತ್ತಿದರು. ಕೈಚಾಚಿ ಒಂದು ಎಲೆ ಕಿತ್ತರು.

"ಇದೂ ಅದೇ," ಎಂದರು. "ಆಚೆ ಹಂತದ್ದೂ ಅದೇ. ಎಲ್ಲಾ ಕಡೆ ಅದೇ ಬಳ್ಳಿ. ಯಾರೋ ಒಬ್ಬ ಯಾವ ಕಾಲದಲ್ಲೋ ತಂದು ನೆಟ್ಟಿದ್ದಾನೆ. ಮಿಕ್ಕೋರು ಅವನ ಹತ್ರ ಕಡ್ಡಿ ಇಸ್ಕೊಂಡಿದ್ದಾರೆ. ಹೆಸರು ಕೇಳಿದ್ದಕ್ಕೆ ಅವನು ಬಾಯಿಗೆ ಬಂದ ಹಾಗೆ ವರ್ಮೆಂಟಿನೊ ಅಂದಿರ್ಬೇಕು."

ಆಮೇಲೆ ಬಸ್ತಿಯಾನೊನ ಕಡೆ ತಿರುಗಿ, ನೋವಾಗದ ಹಾಗೆ ಮೆಲ್ಲಗೆ ಹೇಳಿದರು. "ಆಗ ನಾನು ಎರಡು ಲೋಟ ಕುಡಿದ್ನಲ್ಲಪ್ಪಾ, ಆ ಅಮ್ಮನ ವೈನು, ಅದೂ ಇದೇ ದ್ರಾಕ್ಷಿ. ದ್ರಾಕ್ಷಿಯ ತಪ್ಪೇನೂ ಇಲ್ಲ."

ಬಸ್ತಿಯಾನೊ ಗೋಡೆಯ ಮೇಲೆ ಕೂತುಬಿಟ್ಟ.

ಅವನಿಗೆ ಸಮಾಧಾನ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಘದ ಕೆಲಸ ಮುಗಿಸಿ ಆಗ ತಾನೇ ಮೆಟ್ಟಿಲು ಹತ್ತಿ ಬಂದ ಜೆಮ್ಮಾ ಏದುಸಿರು ಬಿಡುತ್ತಲೇ ವಿಷಯ ಕೇಳಿ, ಇಡೀ ಊರಿನದು ನಾಲ್ಕನೆಯ ತಳಿಯಾದರೆ ಸೋಮವಾರ ತಾನು ಗೇಟು ತೆಗೆಯುವ ಅಗತ್ಯವೇ ಇಲ್ಲವಲ್ಲ ಎಂದಳು. ಊರವರ ಸಂಭ್ರಮ ಅಲ್ಲಿಗೇ ನಿಂತಿತು.

ಎಲ್ಲರಿಗಿಂತ ಮೊದಲು ಎಚ್ಚೆತ್ತವಳು ಎರ್ಸಿಲಿಯಾ ಚಿಕ್ಕಮ್ಮ. ಏಪ್ರನ್ ಇಲ್ಲದ್ದಕ್ಕೆ ಲಂಗವನ್ನೇ ಎರಡೂ ಕೈಯಲ್ಲಿ ಅಗಲಿಸಿ ಬಳ್ಳಿಗಳ ಮುಂದೆ ಅಡ್ಡ ನಿಂತಳು. ತನ್ನದು ಅಪ್ಪಟ ವರ್ಮೆಂಟಿನೊ ಎಂದಳು. ದೋಣಿಯ ಮಾತು ಕೇಳಿದ್ದಕ್ಕೆ, ಯಾವ ದೋಣಿ, ನಮ್ಮ ತಾತನಿಗೆ ನೀರು ಕಂಡರೆ ಆಗುತ್ತಿರಲಿಲ್ಲ ಎಂದಳು. ಫಾವುಸ್ತೊ ತನ್ನ ತೋಟದೊಳಗೆ ಯಾರಾದರೂ ಕಾಲಿಟ್ಟರೆ ನಾಯಿ ಬಿಡುತ್ತೇನೆ ಎಂದ. ಅವನಿಗೆ ನಾಯಿ ಇರಲಿಲ್ಲ. ದೋನ್ ಚೆಲ್ಸೊ ದಫ್ತರ ಬಿಚ್ಚಿ, ಬೆಳಿಗ್ಗೆ ಬಿಟ್ಟಿದ್ದ ಸಾಲನ್ನು ಈಗ ಸ್ಪಷ್ಟವಾಗಿ ಓದಿದರು. ಚರ್ಚಿಗೂ ಎರಡು ಹಂತದ ತೋಟವಿತ್ತು. ಬೆಳಿಗ್ಗೆ ಅಪರೂಪ, ಅಪರೂಪ ಎಂದು ಕುಣಿದವರೆಲ್ಲ ಮಧ್ಯಾಹ್ನ ಮೂರು ಗಂಟೆಗೆ ವರ್ಮೆಂಟಿನೊ, ವರ್ಮೆಂಟಿನೊ ಎಂದು ಆಣೆ ಹಾಕುತ್ತಿದ್ದರು.

ಪ್ರೊಫೆಸರ್ ನಸುನಕ್ಕರು. ಹೆಬ್ಬಾತನ್ನೇ ಎದುರಿಸಿದವರಿಗೆ ಇದೇನೂ ಹೊಸದಲ್ಲ. ಯಾರೂ ಗಾಬರಿಯಾಗಬೇಡಿ ಎಂದರು. ಮಾಲೀಕನ ಸಹಿಯಿರುವ ಅನುಮತಿ ಇಲ್ಲದೆ ಯಾವ ತೋಟದ ಎಲೆಯನ್ನೂ ತಾವು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಚಿಕ್ಕಮ್ಮನ ಎಲೆಯನ್ನು ಅಲ್ಲೇ ಗಾಳಿಗೆ ಬಿಟ್ಟರು. ತಮ್ಮ ಬಳಿ ಇರುವುದು ಒಂದೇ ಅನುಮತಿ, ವರದಿಯಲ್ಲಿ ಬರುವುದೂ ಒಂದೇ ತೋಟ ಎಂದು ಹೇಳಿ ಕಾಗದ ಬಿಚ್ಚಿ ತೋರಿಸಿದರು. ಕೆಳಗೆ ಬಸ್ತಿಯಾನೊನ ಸಹಿ ದುಂಡಗೆ, ಅವನು ಎಂದೂ ಹಾಕಲಾರದಷ್ಟು ಚೆನ್ನಾಗಿತ್ತು.

"ಅದು ನನ್ನ ಸಹಿ ಅಲ್ಲ," ಎಂದ ಬಸ್ತಿಯಾನೊ.

ಊರವರೆಲ್ಲ ಕಾಗದದ ಮೇಲೆ ಬಗ್ಗಿದರು. ಒಬ್ಬರಾದ ಮೇಲೊಬ್ಬರು ನೋಡಿ, ಅವನದೇ, ಸಂಶಯವೇ ಇಲ್ಲ ಎಂದರು. ದೋನ್ ಚೆಲ್ಸೊ ಮಾತ್ರ ಸುಳ್ಳು ಹೇಳಲಾರದೆ ಸಮುದ್ರದ ಕಡೆ ನೋಡಿ, ಇವತ್ತು ಅಲೆ ಕಡಿಮೆ ಎಂದರು.

ಹೀಗೆ ಇಡೀ ಪೋರ್ತಲ್ಬಾದಲ್ಲಿ ಬೆಕ್ಕುಪರಚು ಬೆಳೆಯುವವನು ಬಸ್ತಿಯಾನೊ ಒಬ್ಬನೇ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಇಂಥ ತಳಿಯ ಬಳ್ಳಿಯನ್ನು ಇನ್ನು ಕೀಳಬಾರದು, ಬೇರೆ ಕಸಿ ಕಟ್ಟಬಾರದು, ಹಣ್ಣನ್ನು ಬೇರೆ ತಳಿಯ ಜೊತೆ ಬೆರೆಸಲೂಬಾರದು ಎಂದು ಪ್ರೊಫೆಸರ್ ವಿವರಿಸಿದರು. ಏಳು ಹಂತದ ಅಷ್ಟೂ ದ್ರಾಕ್ಷಿಯಿಂದ ಅವನೇ ಮನೆಯಲ್ಲಿ ವೈನ್ ಮಾಡಿಕೊಳ್ಳಬಹುದು.

"ಅಷ್ಟೂ?" ಎಂದಳು ಜೆಮ್ಮಾ. ಆ ದಿನ ಅವಳ ಧ್ವನಿಯಲ್ಲಿ ಮೊದಲ ಸಲ ಗಾಬರಿ ಕಂಡಿತು.

ಐದೂ ಮುಕ್ಕಾಲರ ರೈಲಿಗೆ ಇಡೀ ಊರು ಪ್ರೊಫೆಸರನ್ನು ಬೀಳ್ಕೊಟ್ಟಿತು. ಕಂಬದ ಮೇಲುಹಾಸು ಆಗಲೇ ಮಾಯವಾಗಿತ್ತು. ಅವರು ರೈಲಿನ ಮೆಟ್ಟಿಲ ಮೇಲೆ ನಿಂತು ಬಸ್ತಿಯಾನೊನ ಎರಡೂ ಕೈ ಹಿಡಿದು, ವಿಜ್ಞಾನ ನಿನ್ನನ್ನು ಮರೆಯುವುದಿಲ್ಲ ಎಂದರು. ಚೀಲದಿಂದ ಇಟ್ಟಿಗೆ ದಪ್ಪದ ಒಂದು ಪುಸ್ತಕ ತೆಗೆದು ಅವನ ಕೈಯಲ್ಲಿಟ್ಟರು. ಗೆರೆ ಎಳೆದು ಮನೆ ಮಾಡಿದ ಪುಸ್ತಕ, ಹತ್ತು ವರ್ಷಕ್ಕಾಗುವಷ್ಟು ಹಾಳೆ. ಈ ತಳಿಯ ವೈನ್ ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎನ್ನುವುದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಬೆಳೆಗಾರನೇ ದಿನಕ್ಕೊಂದು ಲೋಟ ಊಟಕ್ಕೆ ಮುಂಚೆ ಕುಡಿದು ಅದರ ರುಚಿಯನ್ನು ಬರೆದಿಡಬೇಕು. ಒಂದು ದಿನವೂ ತಪ್ಪಬಾರದು. ಬೇರೆಯವರು ಕುಡಿದರೆ ನಡೆಯುವುದಿಲ್ಲ.

ರೈಲು ಸುರಂಗದೊಳಗೆ ಹೋಯಿತು. ಊರವರು ಒಬ್ಬೊಬ್ಬರಾಗಿ ಬಸ್ತಿಯಾನೊನ ಭುಜ ತಟ್ಟಿ ಚದುರಿದರು. ಎರ್ಸಿಲಿಯಾ ಚಿಕ್ಕಮ್ಮ ಏಪ್ರನ್ ನಾಳೆ ಕೊಟ್ಟರೂ ಸಾಕು, ಒಗೆದು ಕೊಡು ಎಂದಳು. ದೋನ್ ಚೆಲ್ಸೊ ಅವನಿಗಾಗಿ ಭಾನುವಾರ ವಿಶೇಷ ಪ್ರಾರ್ಥನೆ ಇಡುತ್ತೇನೆ ಎಂದರು. ಎಷ್ಟು ವರ್ಷದ ತನಕ ಎಂದು ಅವನು ಕೇಳಲಿಲ್ಲ.

ಮನೆಯಲ್ಲಿ ಜೆಮ್ಮಾ ಸೂಪು ಬಡಿಸುವ ಮೊದಲು ಒಂದು ಲೋಟ ತುಂಬಿ ಅವನ ಮುಂದಿಟ್ಟಳು. ಬಸ್ತಿಯಾನೊ ಮೂಗು ಹಿಡಿದು ಕುಡಿದ. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ಪುಸ್ತಕ ಬಿಚ್ಚಿ, ಮೊದಲನೆಯ ಹಾಳೆಯ ಮೊದಲನೆಯ ಮನೆಯಲ್ಲಿ ತಾರೀಕು ಹಾಕಿದ. 'ರುಚಿ' ಎಂದಿದ್ದ ಕಡೆ ಪೆನ್ಸಿಲ್ ಊರಿ, ಯೋಚಿಸಿ, ದುಂಡಗೆ ಬರೆದ: 'ಚೆನ್ನಾಗಿದೆ.'

ಜೆಮ್ಮಾ ಅವನ ಭುಜದ ಮೇಲಿಂದ ಬಗ್ಗಿ ಓದಿದಳು.

"ಮತ್ತೆ ಶುರು ಮಾಡಿದ್ಯಾ?" ಎಂದಳು.